ಮೂರನೇ ಸಾಲಿನ ಮೈನಸ್

ಗೆಳೆಯಾ,

ಇವತ್ತು ಪಾಠದ ನಡುವೆ ನಮ್ಮ ಹಳೇ ಲೆಕ್ಕವನ್ನು ತೋರಿಸುವಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಮೂರನೇ ಸಾಲಲ್ಲಿ ಈ ಮೈನಸ್ ಎಲ್ಲಿಂದ ಬಂತು?"

ಸಮೀಕರಣಗಳಲ್ಲಿ ನೀನು ಕಾಲಕ್ಕೆ ಮೈನಸ್ ಹಾಕುತ್ತಿದ್ದೆ, ನಾನು ಪ್ಲಸ್; ಎರಡೂ ಸರಿಯೇ, ರೂಢಿ ಬೇರೆ ಅಷ್ಟೆ. ನಿನ್ನ ಲೆಕ್ಕವನ್ನು ನನ್ನ ರೂಢಿಗೆ ತಿರುಗಿಸುವಾಗ ಒಂದು ಚಿಹ್ನೆ ಬದಲಿಸಲು ಮರೆತವನು ನಾನೇ; ಅದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ತಪ್ಪು ಕಣ್ಣಿಗೆ ಬಿದ್ದ ಆವತ್ತು ಎಲ್ಲರೆದುರು, "ನಿಂಗೆ ಕೂಡೋದು ಕಳೆಯೋದೂ ಬರಲ್ಲ ಕಣೋ" ಎಂದು ನಕ್ಕು, ನಮ್ಮಿಬ್ಬರ ಸಂಶೋಧನಾ ಪ್ರಬಂಧದಿಂದ ನಿನ್ನ ಹೆಸರು ತೆಗೆದಿದ್ದೆ. ನೀನು ಸೀಮೆಸುಣ್ಣ ಕೆಳಗಿಟ್ಟು ಹೊರಟುಹೋದೆ.

ನಾವು ಲೆಕ್ಕ ಹಾಕಿದ, ಎತ್ತರವಿಲ್ಲದೆ ಉದ್ದ ಅಗಲ ಮಾತ್ರ ಇದ್ದ ಆ ಚಪ್ಪಟೆ ಜಗತ್ತಿನಲ್ಲಿ ಗುರುತ್ವಕ್ಕೆ ಸೆಳೆತವೇ ಇರಲಿಲ್ಲ. ಪ್ರತಿ ವಸ್ತುವೂ ಸುತ್ತಲ ಜಾಗದಿಂದ ಒಂದು ತುಂಡನ್ನು ಕತ್ತರಿಸಿಬಿಡುತ್ತಿತ್ತು. ನಿಂತಲ್ಲಿಂದ ನೋಡಿದರೆ ಏನೂ ಕಾಣದು. ಆ ವಸ್ತುವನ್ನು ಪೂರ್ತಿ ಒಂದು ಸುತ್ತು ಬಂದವನಿಗೇ ಕೊರತೆ ತಿಳಿಯುವುದು.

ನೀನು ತೀರಿಕೊಂಡು ಒಂಬತ್ತು ವರ್ಷ. ಎಲ್ಲ ತಿಳಿದ ಮೇಲೂ ಅವಳಿಗೆ, "ಅದು ನನ್ನ ಹಳೇ ಸ್ನೇಹಿತ ಮಾಡಿದ ತಪ್ಪಮ್ಮ" ಎಂದುಬಿಟ್ಟೆ.

ಅವಳು ಹಾಗೆಯೇ ಬರೆದುಕೊಂಡಳು.