ಚೊಗರು ಹಚ್ಚಿದ ಸೀಟು

ಸಾಗರ
೨೦-೧೧-೧೯೬೬, ಭಾನುವಾರ ಮಧ್ಯಾಹ್ನ

ಸೌಭಾಗ್ಯವತಿ ಯಮುನಾ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯಾ ಎಂದು ಕೇಳುವ ಅಧಿಕಾರ ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಕೇಳದೆ ಇರಲು ಮಾತ್ರ ಆಗಲಿಲ್ಲ.

ನಿನ್ನ ಕಾರ್ಡು ಗುರುವಾರ ಸಿಕ್ಕಿತು. ನಾಲ್ಕು ವರ್ಷಕ್ಕೆ ಒಂದು ಕಾರ್ಡು, ಅದರಲ್ಲಿ ಐದು ಸಾಲು. ಗ್ಯಾರೇಜಿನ ಎದುರು ಹೋಟೆಲಿನ ಮಾಸ್ತಪ್ಪ ತಂದುಕೊಟ್ಟ. ಒಂದಕ್ಷರವನ್ನೂ ಓದಿಲ್ಲ ಎಂದು ದೇವರ ಆಣೆ ಹಾಕಿದ. ಆಮೇಲೆ ಹೋಗುವಾಗ ತಿರುಗಿ ನಿಂತು, 'ಕಾರು ಯಾವ್ದಂತೆ ಗಿರಿಯಣ್ಣಾ?' ಎಂದು ಕೇಳಿದ.

ನಿನ್ನ ಐದು ಸಾಲು ನನಗೆ ಬಾಯಿಪಾಠವಾಗಿದೆ. ತೀರ್ಥಹಳ್ಳಿಯಲ್ಲಿ ನೀನು ಬಾಡಿಗೆಗಿರುವ ಮನೆಯ ಯಜಮಾನರು, ವಕೀಲ ನಾರಾಯಣಮೂರ್ತಿಗಳು, ಸಾಗರದಲ್ಲಿ ಒಂದು ಸ್ಪೋರ್ಟ್ಸ್ ಕಾರು ಕೊಳ್ಳುವವರಿದ್ದಾರೆ. ನಾನು ಅದನ್ನು ನೋಡಿ ಹೇಳಬೇಕು. ಅವರ ಮನೆಯವರು ಮಹಾಲಕ್ಷ್ಮಮ್ಮನವರಿಗೆ ಏಳು ತಿಂಗಳು, ಅದೇ ಕಾರಿನಲ್ಲಿ ಹೊಸನಗರದ ದಾರಿಯಾಗಿ ತವರಿಗೆ ಹೋಗುತ್ತಾರೆ. ಕಡೆಯ ಸಾಲು: 'ನಿಮ್ಮ ಮಾತನ್ನು ನಂಬಬಹುದು ಅಂತ ನಾನು ಹೇಳಿದ್ದೇನೆ.' ಕೆಳಗೆ ನಿನ್ನ ಹೆಸರೂ ಇರಲಿಲ್ಲ. ಆ ಕಡೆಯ ಸಾಲನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನೀನು ನಗುತ್ತೀ.

ಇವತ್ತು ಬೆಳಿಗ್ಗೆ ಏಳು ಗಂಟೆಗೆ ವಕೀಲರು ಬಂದರು. ಒಳ್ಳೆಯ ಮನುಷ್ಯ. ಆದರೆ ಕಾರಿನ ವಿಷಯದಲ್ಲಿ ಮದುವೆಗೆ ಮುಂಚೆಯೇ ಸೋತುಹೋದ ಮದುಮಗ. ಮಾರುವವರು ಇಲ್ಲಿಯ ಮರದ ವ್ಯಾಪಾರಿ ಚಂದ್ರಯ್ಯ, ಬೊಂಬಾಯಿಯಲ್ಲಿ ಯಾರಿಂದಲೋ ಕೊಂಡು ತಂದದ್ದು. ಕಾರು ಎಂತಹದು ಅಂದರೆ, ವಿಲಾಯತಿಯ ಎಂ.ಜಿ., ಎರಡೇ ಸೀಟು, ಉದ್ದನೆಯ ಮೂತಿ, ಕಪ್ಪು ಬಣ್ಣ, ಬೊಂಬಾಯಿ ನಂಬರು. ಮೇಲೆ ಗಟ್ಟಿ ಮಾಡು ಇಲ್ಲ, ಕ್ಯಾನ್ವಾಸಿನ ಹುಡ್ಡು ಮಾತ್ರ, ಅದೂ ಹರಿದಿದೆ. ಕೇಸಿನ ಫೈಲು ಇಡಲಿಕ್ಕೂ ಜಾಗವಿಲ್ಲವಲ್ಲ ಸ್ವಾಮಿ ಎಂದರೆ ವಕೀಲರು, 'ಫೈಲು ಬಸ್ಸಲ್ಲಿ ಬರ್ತದೆ ಬಿಡು ಮಾರಾಯ' ಎಂದರು.

ನಾನು ಗಾಡಿ ನೋಡುವ ಕ್ರಮ ನಿನಗೆ ಗೊತ್ತಿಲ್ಲದ್ದಲ್ಲ. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ನಾವು ಬರುವ ಮುಂಚೆಯೇ ಚಂದ್ರಯ್ಯನವರು ಒಂದು ಸಲ ಚಾಲೂ ಮಾಡಿಟ್ಟಿದ್ದರು, ತಣ್ಣಗಿನ ಎಂಜಿನ್ನು ಕೆಮ್ಮುವುದು ನಮಗೆ ಕೇಳಬಾರದೆಂದು. ಅದು ತಣ್ಣಗಾಗಲಿ ಎಂದು ನಾನು ಒಂದು ತಾಸು ಕೂತೆ. ಮಾಸ್ತಪ್ಪನ ಹೋಟೆಲಿನಿಂದ ಇಡ್ಲಿ ತರಿಸಿದೆ, ವಕೀಲರಿಗೆ ಊರಿನ ಸುದ್ದಿಯೆಲ್ಲ ಹೇಳಿದೆ. ಚಂದ್ರಯ್ಯನವರು ಮೂರು ಸಲ ಗಡಿಯಾರ ನೋಡಿಕೊಂಡರು. ತಣ್ಣಗಾದ ಮೇಲೆ ಚಾಲೂ ಮಾಡಿದರೆ, ಆಶ್ಚರ್ಯ, ಕೆಮ್ಮಲೇ ಇಲ್ಲ. ಎಂಜಿನ್ನು ಚೊಕ್ಕ. ಎಣ್ಣೆಯ ಕಡ್ಡಿ ತೆಗೆದು ಮೂಸಿದೆ, ಸುಟ್ಟ ವಾಸನೆ ಇಲ್ಲ. ಬ್ರೇಕು ಸರಿ, ಗೇರು ಸರಿ.

ಆಮೇಲೆ ನೀರಿನ ಪರೀಕ್ಷೆ. ಒಣ ನೆಲದ ಮೇಲೆ ಒಂದು ಕೊಡ ನೀರು ಚೆಲ್ಲಿ, ಗಾಡಿಯನ್ನು ಅದರ ಮೇಲೆ ನೆಟ್ಟಗೆ ಓಡಿಸಿ, ಇಳಿದು ಬಂದು ಜಾಡು ನೋಡುವುದು. ಮುಂದಿನ ಚಕ್ರ ಹೋದಲ್ಲೇ ಹಿಂದಿನದೂ ಹೋಗಿದ್ದರೆ ಎರಡೇ ಗೆರೆ ಇರುತ್ತವೆ. ಗಾಡಿಯ ತಳದ ಚೌಕಟ್ಟು, ಚಾಸಿಸ್, ಎಲ್ಲಾದರೂ ಸೊಟ್ಟಗಾಗಿದ್ದರೆ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಬೀಳುತ್ತದೆ. ಇವತ್ತು ಬಿತ್ತು. ಅರ್ಧ ಬೆರಳಿನಷ್ಟು. ವಕೀಲರಿಗೆ ಅದು ಕಾಣಲಿಲ್ಲ, ಚಂದ್ರಯ್ಯನವರಿಗೂ ಕಾಣಲಿಲ್ಲ. ಬಿಸಿಲು ಬಂದು ಎರಡೇ ನಿಮಿಷದಲ್ಲಿ ನೆಲ ಒಣಗಿತು.

ಇಷ್ಟು ಮುಗಿಸಿ ಎದ್ದು ನಿಂತಾಗ ವಕೀಲರು ನನ್ನ ಹಿಂದೆ ಬಂದು, 'ಎಂತ ಗಿರಿಯಪ್ಪ, ಪಂಚೆಗೆ ಕೆಂಪು ಎಂತದು ಹತ್ತಿದ್ದು?' ಎಂದರು. ಭಾನುವಾರ, ದೊಡ್ಡವರು ಬರುತ್ತಾರೆ ಎಂದು ನಾನು ಬಿಳಿ ಪಂಚೆ ಉಟ್ಟಿದ್ದೆ. ಹರಿದ ಹುಡ್ಡಿನಿಂದ ಇಬ್ಬನಿ ಇಳಿದು ಸೀಟು ಒದ್ದೆಯಾಗಿತ್ತು. ತಿರುಗಿಸಿ ನೋಡಿಕೊಂಡರೆ ಕೂತ ಜಾಗಕ್ಕೆಲ್ಲ ಕೆಂಪು, ಕಂದು ಕಂದಾದ ಕೆಂಪು. ಚರ್ಮದ ಬಣ್ಣ ಹಾಗೆ ಹತ್ತುವುದಿಲ್ಲ. ಅದು ಅಡಿಕೆಯ ಚೊಗರು.

ಯಮುನಾ, ಇಡೀ ಬೊಂಬಾಯಿಯಲ್ಲಿ ಕಾರಿನ ಸೀಟಿಗೆ ಅಡಿಕೆ ಬೇಯಿಸಿದ ಆ ಕೆಂಪು ನೀರನ್ನು ಹಚ್ಚುವವರು ಯಾರಿದ್ದಾರೆ? ಈ ಲೋಕದಲ್ಲಿ ಒಬ್ಬಳೇ ಹಚ್ಚಿದ್ದು, ಅದೂ ನಮ್ಮ ಗ್ಯಾರೇಜಿನ ಅಂಗಳದಲ್ಲಿ ಕೂತು.

ನಿನಗೂ ಮರೆತಿರುವುದಿಲ್ಲ. ಆಗ ಅದು ಹಸಿರು ಕಾರು. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಆ ಕಂಟ್ರಾಕ್ಟರು ಹೊಸನಗರದ ತಿರುವಿನಲ್ಲಿ ಹಳ್ಳಕ್ಕೆ ಇಳಿಸಿ, ಎರಡು ದಿನ ನೀರಿನಲ್ಲೇ ಬಿಟ್ಟು, ಮೂರನೆಯ ದಿನ ಲಾರಿಯ ಮೇಲೆ ಹೇರಿಕೊಂಡು ಬಂದಿದ್ದರು. ಚಾಸಿಸ್ ಎಡಗಡೆ ಬಾಗಿ ಸೀಳಿತ್ತು. ನಾನು ಅದನ್ನು ಕಾಯಿಸಿ, ಎಳೆದು, ವೆಲ್ಡಿಂಗ್ ಮಾಡಿ, ಉಜ್ಜಿ, ಬಣ್ಣ ಹೊಡೆದೆ. ಮೂರು ವಾರದ ಕೆಲಸ. ಸೀಟಿನ ಕೆಂಪು ಚರ್ಮ ನೀರು ಕುಡಿದು ಬೂದಿಯಾಗಿತ್ತು. ಅದಕ್ಕೇನು ಮಾಡುವುದೆಂದು ನಾನು ತಲೆ ಮೇಲೆ ಕೈ ಹೊತ್ತು ಕೂತಾಗ ನೀನು, 'ಅಡಿಕೆಗೆ ಬಣ್ಣ ಬರೋದಾದ್ರೆ ಇದ್ಕೆ ಯಾಕೆ ಬರಲ್ಲ?' ಎಂದೆ. ನೀನೇ ಅಡಿಕೆ ಸುಲಿಯಲು ಹೋಗುತ್ತಿದ್ದ ಮನೆಯಿಂದ ಒಂದು ತಂಬಿಗೆ ಚೊಗರು ಕೇಳಿ ತಂದೆ. ಹಳೆಯ ಸೀರೆಯ ಚೂರಿನಿಂದ ಮೂರು ಸಲ ಹಚ್ಚಿದೆ, ನಡುನಡುವೆ ಒಣಗಿಸಿ, ಕಡೆಗೆ ಕೊಬ್ಬರಿ ಎಣ್ಣೆ ತಿಕ್ಕಿದೆ. ನಿನ್ನ ಅಂಗೈ ಎಂಟು ದಿನ ಕೆಂಪಗಿತ್ತು. ಮದುವೆಯ ಮದರಂಗಿಗಿಂತ ಚೆನ್ನಾಗಿದೆ ಎಂದು ನಾನು ಚೇಷ್ಟೆ ಮಾಡಿದ್ದೆ, ನೀನು ಅದೇ ಕೈಯಿಂದ ನನ್ನ ಬೆನ್ನಿಗೆ ಗುದ್ದಿದ್ದೆ. ನಾವು ಇಬ್ಬರೂ ಸೇರಿ ಮಾಡಿದ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಅದೇ. ಅದನ್ನು ನಾನೇ ಹಾಳು ಮಾಡಿದೆ.

ಹೊಸನಗರದ ಅಕ್ಕಿ ಗಿರಣಿಯ ಮಂಜಯ್ಯನವರು ಕಾರು ನೋಡಲು ಬಂದ ದಿನ ಕಂಟ್ರಾಕ್ಟರು ನನ್ನ ಕಡೆ ನೋಡಿದರು. ಗಾಡಿಗೆ ಏನಾದರೂ ಪೆಟ್ಟಾಗಿತ್ತೇ ಎಂದು ಮಂಜಯ್ಯನವರು ಕೇಳಿದರು. ನಾನು ಇಲ್ಲ ಎಂದೆ. ಹೊಟ್ಟೆಪಾಡಿಗೆ ಹೇಳಿದೆ ಎಂದು ನಿನಗೆ ಆಗ ಸಮಜಾಯಿಷಿ ಕೊಟ್ಟಿದ್ದೆ, ಅದೂ ನಿಜವಲ್ಲ. ಜಂಬಕ್ಕೆ ಹೇಳಿದೆ. ನನ್ನ ವೆಲ್ಡಿಂಗು ಅಷ್ಟು ಚೆನ್ನಾಗಿ ಬಂದಿತ್ತು, ಯಾರೂ ಕಂಡುಹಿಡಿಯಲಾರರು ಎಂಬುದನ್ನು ನೋಡಿ ಖುಷಿಪಡುವ ಹುಚ್ಚು. ಮಂಜಯ್ಯನವರಿಗೆ ಆದರೂ ಅನುಮಾನ. ನೀನು ಬಾಗಿಲಲ್ಲಿ ನಿಂತಿದ್ದೆ. ಗಂಡಸರು ವ್ಯಾಪಾರದಲ್ಲಿ ಏನಾದರೂ ಹೇಳುತ್ತಾರೆ, ಹೆಂಗಸು ಹೇಳಲಿ ಎಂದು, 'ಅಮ್ಮಾ, ಈ ಸೀಟು ಕಂಪನಿಯಿಂದ ಬಂದ ಹಾಗೇ ಇದ್ಯಾ? ನೀವು ಹೇಳಿದ್ರೆ ನಂಬ್ತೀನಿ' ಎಂದು ನಿನ್ನನ್ನೇ ಕೇಳಿದರು. ನೀನು ನನ್ನ ಮುಖ ನೋಡಿದೆ. ನಾನು ಕಣ್ಣಿನಲ್ಲೇ ಹೇಳು ಎಂದೆ. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನೀನು ಹೌದು ಎಂದೆ, ಒಳಗೆ ಹೋದೆ. ಮಾರನೆಯ ದಿನ ನೀನು ಬೆಳಗಿನ ಬಸ್ಸಿಗೆ ತೀರ್ಥಹಳ್ಳಿಗೆ ಹೋದೆ.

ಒಂದು ಸೀಟಿನ ಮಾತಿಗೆ ಯಾರಾದರೂ ಗಂಡನ ಮನೆ ಬಿಡುತ್ತಾರೆಯೇ ಎಂದು ನಾನು ಒಂದು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದೆ. ಮಂಜಯ್ಯನವರು ಏನೂ ಅಪಾಯವಿಲ್ಲದೆ ಒಂದಿಷ್ಟು ದಿನ ಓಡಿಸಿ ಮಾರಿಬಿಟ್ಟರು ಎಂದು ತಿಳಿದ ಮೇಲಂತೂ ನನ್ನದೇ ಸರಿ ಎಂದುಕೊಂಡೆ. ನೀನು ಹೋದ ಮೇಲೆ ಎಲೆಯಡಿಕೆ ಬಿಟ್ಟೆ. ಅದರ ಕೆಂಪು ನೋಡಿದರೆ ನಿನ್ನ ಕೈ ನೆನಪಾಗುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಆ ಕಾರು ಮಹಾಲಕ್ಷ್ಮಮ್ಮನವರನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲ. ನೆಟ್ಟಗಿನ ರಸ್ತೆಯಲ್ಲಿ ಹತ್ತು ವರ್ಷ ಓಡಬಹುದು. ಹೊಸನಗರದ ಆ ತಿರುವುಗಳಲ್ಲಿ, ಆ ಗುಂಡಿಗಳಲ್ಲಿ ನನ್ನ ಹಳೆಯ ಬೆಸುಗೆ ಯಾವ ದಿನ ಬಾಯಿ ಬಿಡುತ್ತದೆ ಎಂದು ನಾನೇ ಹೇಳಲಾರೆ. ಪಂಚೆಯ ಕೆಂಪು ನೋಡಿದ ಕೂಡಲೇ ವಕೀಲರನ್ನು ಪಕ್ಕಕ್ಕೆ ಕರೆದು ಇದೆಲ್ಲವನ್ನೂ ಹೇಳಿಬಿಟ್ಟೆ. ಸೊಟ್ಟಗಾದದ್ದು, ಬೆಸುಗೆ, ಮುಚ್ಚಿಟ್ಟದ್ದು, ಯಾವುದನ್ನೂ ಬಿಡಲಿಲ್ಲ. ಅವರು ಸುಮ್ಮನೆ ಕೇಳಿದರು. ಕಾರು ಬೇಡ ಎಂದು ಹೊರಟರು.

ಆದ್ದರಿಂದ ನೀನು ಅವರಿಗೆ ಹೇಳಿದ ಮಾತು ಸುಳ್ಳಾಗಲಿಲ್ಲ. ಇದಿಷ್ಟು ನಿನಗೆ ತಿಳಿಯಲಿ ಎಂದು ಬರೆದೆ. ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ನಿನ್ನ ದಾಸವಾಳಕ್ಕೆ ದಿನಾ ನೀರು ಹಾಕುತ್ತೇನೆ, ಅದು ನನ್ನ ಮೇಲಿನ ಕೋಪಕ್ಕೋ ಏನೋ ಹೂ ಬಿಡುವುದಿಲ್ಲ.

ಇಂತಿ,
ಇನ್ನೂ ನಿನ್ನವನೇ ಎಂದು ತಿಳಿದಿರುವ
ಗಿರಿಯಪ್ಪ

ಮರೆತ ಮಾತು, ತೀರ್ಥಹಳ್ಳಿ, ಸೋಮವಾರ:

ಮರೆತದ್ದಲ್ಲ, ಮುಚ್ಚಿಟ್ಟದ್ದು. ವಕೀಲರು ನಿನ್ನೆ ಸಂಜೆ ಖುಷಿಯಿಂದ ಮನೆಗೆ ಬಂದು, ಗಾಡಿ ಚೆನ್ನಾಗಿದೆಯಂತೆ ಎಂದು ನಿಮಗೆಲ್ಲ ಹೇಳಿರಬೇಕು. ಹಾಗಿದ್ದರೆ ಮೇಲಿನದನ್ನು ಓದಿ ನಿನ್ನ ತಲೆ ಕೆಟ್ಟಿರುತ್ತದೆ. ನಿನ್ನೆ ನಾನು ಅವರಿಗೆ ಏನೂ ಹೇಳಲಿಲ್ಲ. ಪಂಚೆಯ ಕೆಂಪು ಏನೆಂದು ಕೇಳಿದಾಗ ಎಲೆಯಡಿಕೆಯ ರಸ ಎಂದೆ. ಗಾಡಿ ಸುಸ್ಥಿತಿಯಲ್ಲಿದೆ ಎಂದು ಹಾಳೆಯ ಮೇಲೆ ಬರೆದು ಸಹಿ ಹಾಕಿ ಕೊಟ್ಟೆ. ನೀನು ನಾಲ್ಕು ವರ್ಷದ ಮೇಲೆ ನಂಬಬಹುದು ಎಂದು ಬರೆದಿರುವಾಗ, ನಂಬಬಾರದಿತ್ತು ಎಂದು ನನ್ನ ಬಾಯಿಂದಲೇ ಹೇಗೆ ಹೇಳಲಿ ಎನಿಸಿತು. ಮಧ್ಯಾಹ್ನ ಕೂತು ನಿನಗೆ ಬರೆಯುವಾಗ, ಆಗಬೇಕಾಗಿದ್ದದ್ದನ್ನು ಆದ ಹಾಗೆ ಕೈ ಬರೆಯಿತು. ಓದಿ ನೋಡಿದೆ. ಬಹಳ ಒಳ್ಳೆಯ ಮನುಷ್ಯನ ಕಾಗದದ ಹಾಗಿತ್ತು. ಇನ್ನು ಇದನ್ನು ಹರಿಯಬೇಕು, ಇಲ್ಲವೇ ನಿಜ ಮಾಡಬೇಕು.

ಇವತ್ತು ಮೊದಲ ಬಸ್ಸಿಗೆ ಬಂದೆ. ನಿನ್ನೆ ಬರೆದ ಸುಳ್ಳು ಹನ್ನೊಂದು ಗಂಟೆಗೆ ವಕೀಲರ ಜಗುಲಿಯಲ್ಲಿ ನಿಜವಾಯಿತು. ಅವರು ಸುಮ್ಮನೆ ಕೇಳಲಿಲ್ಲ, ಚೆನ್ನಾಗಿ ಬೈದರು. ಕಾರು ಬೇಡ ಎಂದು ಹಳೆಯ ಹಾಳೆ ಹರಿದು ಹೊಸದನ್ನು ಬರೆಸಿಕೊಂಡರು. ಇನ್ನು ಯಾರನ್ನೂ ಗಾಡಿ ತೋರಿಸಲು ನನ್ನ ಹತ್ತಿರ ಕಳಿಸುವುದಿಲ್ಲ ಎಂದರು, ಅದೂ ನ್ಯಾಯವೇ. ಯಮುನಮ್ಮನಿಗೆ ಇದೆಲ್ಲ ಗೊತ್ತಿತ್ತೇ ಎಂದು ಕೇಳಿದರು. ಸೀಟಿಗೆ ಬಣ್ಣ ಹಚ್ಚಿದ್ದು ಅವಳು, ಹೌದು ಎಂದು ಹೇಳಿಸಿದ್ದು ನಾನು, ಆ ಮಾತು ನನ್ನದು ಎಂದೆ.

ಇದನ್ನು ಅವರ ಜಗುಲಿಯಲ್ಲೇ ಕೂತು ಬರೆಯುತ್ತಿದ್ದೇನೆ. ಮಹಾಲಕ್ಷ್ಮಮ್ಮನವರು ನಿನ್ನ ಕೈಗೆ ಕೊಡುತ್ತಾರೆ. ಹಿತ್ತಲ ಕಡೆಯಿಂದ ನಿನ್ನ ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತಿದೆ. ಅದಕ್ಕೆ ಎಣ್ಣೆ ಬೇಕು. ಒಳಗೆ ಬರುವ ಧೈರ್ಯ ನನಗಿಲ್ಲ.

ವಾಪಸು ಹೋಗುವಾಗ ಹೊಸನಗರದಲ್ಲಿ ಇಳಿದು ಮಂಜಯ್ಯನವರಿಗೂ ಹೇಳುತ್ತೇನೆ. ಅವರು ಅವತ್ತು ನಂಬಿದ್ದು ನನ್ನ ಮಾತನ್ನಲ್ಲ, ನಿನ್ನ ಮಾತನ್ನು. ನಿನಗೂ ಅವರಿಗೆ ಏನಾದರೂ ಹೇಳುವುದಿರಬಹುದು ಎನಿಸಿತು. ಬಸ್ಸು ಮೂರೂವರೆಗೆ. ನಾನು ಮುಂಚೆಯೇ ಹೋಗಿ ಎರಡು ಸೀಟಿಗೆ ಟವೆಲು ಹಾಕಿರುತ್ತೇನೆ.