ತಿರಸ್ಕೃತ ರಟ್ಟಿನ ಆಕ್ಟೋಪಸ್

ಶಿಶುವಿಹಾರ,
ಶುಕ್ರವಾರ, ಮಧ್ಯಾಹ್ನ ಮಕ್ಕಳು ಮಲಗಿದ ಹೊತ್ತು

ಗೇಟಿನವರಿಗೆ,

ನಾನು ಕ್ಷೇಮ. ನೀವು ಕ್ಷೇಮವೆಂದು ನಿನ್ನೆ ಕಣ್ಣಾರೆ ಕಂಡೆ, ಆದ್ದರಿಂದ ಕೇಳುವುದಿಲ್ಲ.

ಈ ಚಪ್ಪಲಿ ಕಾರ್ಖಾನೆ ನಮಗೆ ಕೊಡುತ್ತೇನೆ ಅಂದದ್ದು: ಗೇಟಿನ ಒಳಗೆ ಶಿಶುವಿಹಾರ, ಇಬ್ಬರು ಆಯಾಗಳು, ಮಕ್ಕಳಿಗೆ ಬಣ್ಣದ ಹಾಳೆ, ತಾಯಂದಿರಿಗೆ ಮಕ್ಕಳ ಹತ್ತಿರ ಬಂದು ಹೋಗಲು ಅರ್ಧ ಗಂಟೆ, ಪ್ರೆಸ್ ಮಷಿನುಗಳಿಗೆ ಕೈ ಕಾಯುವ ಜಾಲರಿ. ಕೊಟ್ಟದ್ದು ಗೇಟಿನ ಹೊರಗೆ ಹಳೆಯ ಗೋದಾಮಿನ ಒಂದು ಕೋಣೆ, ಒಬ್ಬ ಆಯಾ, ಹತ್ತು ನಿಮಿಷ. ಬಣ್ಣದ ಹಾಳೆ ಇಲ್ಲ ಅಂದರು. ಜಾಲರಿ ಹಾಕಿದರು, ಕೆಲಸ ನಿಧಾನವಾಗುತ್ತದೆ ಅಂತ ಮೂರು ತಿಂಗಳಿಗೆ ಬಿಚ್ಚಿಸಿದರು. ಇದನ್ನು ಕೇಳಿ ನಾವು ಮುಷ್ಕರ ಕೂತ ದಿನ, ನಮ್ಮ ಜಾಗಕ್ಕೆ ಹೊರಗಿನಿಂದ ತಂದವರ ವ್ಯಾನಿಗೆ ಗೇಟು ತೆಗೆದವರು ನೀವು. ನನ್ನ ಗಂಡ. ಗೇಟು ತೆಗೆಯೋದು ನನ್ನ ಡ್ಯೂಟಿ ಕಣೇ ಅಂದಿರಿ. ಅವತ್ತೇ ಸಂಜೆ ನಾನು ಮನೆ ಬಿಟ್ಟೆ. ಹದಿನಾಲ್ಕು ತಿಂಗಳಾಯಿತು. ಅದನ್ನು ಮರೆತು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಮರೆತಿಲ್ಲ.

ಮುಷ್ಕರ ಮುರಿದ ಮೇಲೆ ನನ್ನನ್ನು ಹೊಲಿಗೆ ಸಾಲಿನಿಂದ ಎತ್ತಿ ಮಕ್ಕಳ ಮಧ್ಯೆ ತಂದು ಕೂರಿಸಿದರು. ಘೋಷಣೆ ಕೂಗೋ ಬಾಯಿ ಇನ್ನು ಜೋಗುಳ ಹಾಡಲಿ ಅಂತ ಮ್ಯಾನೇಜರು ನಕ್ಕನಂತೆ. ಹಾಡಿದೆ. ಹದಿನಾರು ಮಕ್ಕಳು, ಮೂರು ಮೊಂಡು ಕತ್ತರಿ. ಬಣ್ಣದ ಹಾಳೆ ಇಲ್ಲವೆಂದಾಗ ಪ್ಯಾಕಿಂಗ್ ವಿಭಾಗದಲ್ಲಿ ಮೂಲೆ ಮುರಿದು ಬಿಸಾಡುವ ರಟ್ಟನ್ನಾದರೂ ಕೊಡಿ ಅಂತ ಅರ್ಜಿ ಹಾಕಿದೆ. ಕೊಟ್ಟರು, ಆದರೆ ಕಳ್ಳರಿಗೆ ಕೊಟ್ಟ ಹಾಗೆ. ಒಂದೊಂದು ರಟ್ಟಿನ ಬೆನ್ನಿಗೂ ಗೇಟಿನಲ್ಲಿ ‘ತಿರಸ್ಕೃತ’ ಎಂಬ ಸೀಲು ಬೀಳಬೇಕು, ಅದರ ಕೆಳಗೆ ತಾರೀಖು, ಗಂಟೆ. ಬಿಸಾಡಿದ ರಟ್ಟಿಗೂ ಇಷ್ಟು ಕಾವಲು! ಆ ಸೀಲು ಹೊಡೆಯುವವರೂ ನೀವೇ. ನಡುವಿನ ನೀಟಾದ ಜಾಗ ಬಿಟ್ಟು ಒಂದು ಮೂಲೆಗೆ ಹೊಡೆಯಬಾರದೇ ಅಂತ ಹೇಳಿ ಕಳಿಸಿದ್ದಕ್ಕೆ, ನಟ್ಟ ನಡುವೆ ಹೊಡೀಬೇಕು ಅಂತ ಆರ್ಡರಿದೆ ಅಂತ ಉತ್ತರ ಕಳಿಸಿದಿರಿ. ಅವತ್ತು ನಾನು ನಿಮ್ಮನ್ನು ಬೈದ ಬೈಗುಳ ಮಕ್ಕಳ ಕಿವಿಗೆ ಬೀಳಬಾರದೆಂದು ಕೈತೋಟದ ಹಿಂದೆ ಹೋಗಿ ಬೈದೆ.

ಮಕ್ಕಳಿಗೆ ಓದಲು ಬರುವುದಿಲ್ಲ. ಟೀಚರಮ್ಮಾ, ಇಲ್ಲೇನು ಬರ್ದಿದೆ ಅಂತ ಕೇಳಿದಾಗ ನನ್ನ ನಾಲಿಗೆ ‘ತಿರಸ್ಕೃತ’ ಅನ್ನಲು ಏಳಲಿಲ್ಲ. ‘ಸಮುದ್ರದಿಂದ ಬಂದದ್ದು’ ಅಂತ ಓದಿ ಹೇಳಿಬಿಟ್ಟೆ. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಸಮುದ್ರ. ಸಮುದ್ರದಿಂದ ಬಂದ ರಟ್ಟಿನಲ್ಲಿ ಬೇರೆ ಏನು ಮಾಡಲಾದೀತು? ಮೊದಲ ವಾರ ಮೀನು. ಆಮೇಲೆ ಏಡಿ, ನಕ್ಷತ್ರಮೀನು. ಚಪ್ಪಲಿ ಡಬ್ಬಿಯೊಳಗೆ ತುರುಕುವ ತೆಳು ಕಾಗದವನ್ನು ಪಟ್ಟಿಪಟ್ಟಿ ಹರಿದು ಇಳಿಬಿಟ್ಟರೆ ಲೋಳೆಮೀನು. ಎಲ್ಲವನ್ನೂ ದಾರಕ್ಕೆ ಕಟ್ಟಿ ಸೂರಿನ ಕೆಳಗೆ ತೂಗುಹಾಕಿದೆವು. ಫ್ಯಾನು ಹಾಕಿದರೆ ಇಡೀ ಕೋಣೆ ಈಜುತ್ತದೆ. ಒಬ್ಬಳೂ ಸಮುದ್ರ ಕಂಡವಳಲ್ಲ, ಒಬ್ಬನೂ ಕಂಡವನಲ್ಲ. ಅಷ್ಟೊಂದು ನೀರು ತುಂಬಿದ್ಮೇಲೆ ಮೋಟರು ಯಾರು ಆಫ್ ಮಾಡ್ತಾರೆ ಅಂತ ಒಬ್ಬ ಕೇಳಿದ. ನನಗೂ ಗೊತ್ತಿಲ್ಲ ಮಾರಾಯ ಅಂದೆ.

ಈಗ ಸೋಮವಾರಕ್ಕೆ ಬರುತ್ತೇನೆ. ನಿನ್ನೆ ವಿಚಾರಣೆಯಲ್ಲಿ ನಿಮ್ಮನ್ನು ಕೊನೆಗೆ ಕರೆದರು, ಅದಕ್ಕೆ ಮುಂಚಿನದು ನಿಮಗೆ ತುಂಡುತುಂಡಾಗಿ ಗೊತ್ತಿರಬಹುದು.

ಸೋಮವಾರ ಆಕ್ಟೋಪಸ್ ಮಾಡುವ ದಿನ. ನನ್ನ ವಿಧಾನ ಸುಲಭದ್ದು. ಹತ್ತು ಗಂಟೆಯ ಬಿಡುವಿಗೆ ತಾಯಂದಿರು ಓಡಿ ಬರುತ್ತಾರಲ್ಲ, ಅವರು ಎರಡೂ ಅಂಗೈ ಜೋಡಿಸಿ ರಟ್ಟಿನ ಮೇಲೆ ಇಡಬೇಕು, ಹೆಬ್ಬೆರಳು ಎರಡನ್ನೂ ಒಳಗೆ ಮಡಚಬೇಕು. ಉಳಿದದ್ದು ಎಂಟು ಬೆರಳು. ಮಗು ಸುತ್ತ ಪೆನ್ಸಿಲ್ ಓಡಿಸಬೇಕು. ಬೆರಳುಗಳು ಆಕ್ಟೋಪಸ್ಸಿನ ಕಾಲು, ಅಂಗೈ ಅದರ ತಲೆ. ಕತ್ತರಿಸಿ, ಕಾಲುಗಳನ್ನು ಪೆನ್ಸಿಲಿಗೆ ಸುತ್ತಿ ಬಿಟ್ಟರೆ ಸುರುಳಿಯಾಗುತ್ತವೆ. ಚಪ್ಪಲಿ ಪಟ್ಟಿಗೆ ತೂತು ಹಾಕುವ ಹಳೆಯ ಪಂಚಿನಿಂದ ಬಿದ್ದ ಚುಕ್ಕಿಗಳನ್ನು ಸಾಲಾಗಿ ಅಂಟಿಸಿದರೆ ಅವೇ ಅದರ ಹಿಡಿದುಕೊಳ್ಳುವ ಬಾಯಿಗಳು. ತಾಯಂದಿರಿಗೆ ಎಂಥ ಖುಷಿ ಅಂತೀರಿ! ಕೈ ಇಟ್ಟುಕೊಂಡು ಸುಮ್ಮನೆ ಕೂರುವ ಎರಡು ನಿಮಿಷ ಅವರಿಗೆ ಇನ್ನೆಲ್ಲಿ ಸಿಗುತ್ತದೆ? ಕಚಗುಳಿ ಆಗ್ತದೆ, ಬೇಗ ಬರಿಯೇ ಅಂತ ನಗುತ್ತಿದ್ದರು.

ಅವರಲ್ಲಿ ಗುಂಡಿಯ ಅಮ್ಮನೂ ಇದ್ದಳು. ಗುಂಡಿ ಅಂದರೆ ಅಂಗಿಯ ಗುಂಡಿಯಷ್ಟು ದುಂಡು ಮುಖದ ಹುಡುಗಿ, ನಾಲ್ಕು ವರ್ಷ. ಅಮ್ಮ ಅಟ್ಟೆ ಕತ್ತರಿಸುವ ಪ್ರೆಸ್ಸಿನಲ್ಲಿ. ಅವಳ ಎಡಗೈ ಕಿರುಬೆರಳು ಹುಟ್ಟಿನಿಂದ ಸೊಟ್ಟ. ಅದನ್ನು ನೆಟ್ಟಗೆ ಬರಿ ಅಂತ ಅಮ್ಮ, ಇರೋ ಹಾಗೇ ಬರೀತೀನಿ ಅಂತ ಮಗಳು. ಸೊಟ್ಟಗೇ ಬರೆದಳು. ಗಂಟೆ ಹೊಡೆಯಿತು, ಅಮ್ಮ ಓಡಿದಳು.

ಹನ್ನೊಂದು ನಲವತ್ತಕ್ಕೆ ಜಾಲರಿಯಿಲ್ಲದ ಪ್ರೆಸ್ಸು ಅವಳ ಬಲಗೈ ತೋರುಬೆರಳಿನ ಮೇಲೆ ಇಳಿಯಿತು.

ನೋಡಿದವರು ಇಬ್ಬರು. ಇಬ್ಬರನ್ನೂ ಮಧ್ಯಾಹ್ನಕ್ಕೆ ಬೇರೆ ಶೆಡ್ಡಿಗೆ ಹಾಕಿ ಬಾಯಿ ಹೊಲಿದರು. ಕಂಪನಿಯ ಡಾಕ್ಟರು ಬರೆದ: ಭಾನುವಾರ ಮನೆ ಬಾಗಿಲಿಗೆ ಸಿಕ್ಕಿದ ಬೆರಳು, ಕೆಲಸಕ್ಕೆ ಬರುವಾಗಲೇ ಜಜ್ಜಿತ್ತು. ಬಲಗೈಗೆ ಬಟ್ಟೆ ಸುತ್ತಿಕೊಂಡು ನರಳುತ್ತಿದ್ದವಳ ಎಡಗೈ ಹೆಬ್ಬೆಟ್ಟು ಹಿಡಿದು ಅದಕ್ಕೆ ಒತ್ತಿಸಿದರು. ಅವಳಿಗೆ ಸಹಿ ಮಾಡಲು ಬರುತ್ತದೆ, ಆದರೂ ಹೆಬ್ಬೆಟ್ಟು! ಬುಧವಾರ ಬೆಳಿಗ್ಗೆ ಹೇಳಿ ಕಳಿಸಿದರು, ಈ ಕೈ ಕೆಲಸಕ್ಕೆ ಬರುವುದಿಲ್ಲ, ನೀನೂ ಬರಬೇಡ. ಒಬ್ಬಂಟಿ ಹೆಂಗಸು. ಕೆಲಸ ಹೋದರೆ ಮಗುವಿನ ಶಿಶುವಿಹಾರವೂ ಹೋಯಿತು, ಇಬ್ಬರೂ ಬೀದಿಗೆ.

ಸಂಘದವರು ಸರ್ಕಾರದ ತನಿಖಾಧಿಕಾರಿಗೆ ದೂರು ಕೊಟ್ಟರು. ಸೋಮವಾರ ಹತ್ತು ಗಂಟೆಗೆ ಅವಳ ಹತ್ತೂ ಬೆರಳು ಗಾಯವಿಲ್ಲದೆ ಇದ್ದವು, ನಾನೇ ನೋಡಿದ್ದೇನೆ ಅಂತ ಬಿಡುವಿನ ಹೊತ್ತಿನಲ್ಲಿ ಮ್ಯಾನೇಜರ ಎದುರೇ ಕೂಗಿದೆ. ನೀನು ಸಂಘದವಳಮ್ಮ, ನೀನು ಹಾಗೇ ಹೇಳ್ತೀಯ ಅಂದ ಮ್ಯಾನೇಜರು. ಉಳಿದ ತಾಯಂದಿರು ನೆಲ ನೋಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಮಕ್ಕಳಿವೆ.

ಅದೇ ಬುಧವಾರ ಊಟದ ಹೊತ್ತಿಗೆ, ಅಮ್ಮ ಬಂದು ಕರೆದೊಯ್ಯುವ ಮುಂಚೆ, ಗುಂಡಿ ತನ್ನ ಆಕ್ಟೋಪಸ್ಸಿನ ಒಂದು ಕಾಲನ್ನು ಕತ್ತರಿಯಿಂದ ಕಚಕ್ ಅಂತ ಕತ್ತರಿಸಿ ಹಾಕಿದಳು. ನನಗೆ ಮೊದಲೇ ತಲೆ ಕೆಟ್ಟಿತ್ತು, ರೇಗಿಬಿಟ್ಟೆ. ಆಕ್ಟೋಪಸ್ಸಿಗೆ ಎಂಟು ಕಾಲು ಇರಬೇಕು ಅಂತ ಎಷ್ಟು ಸಲ ಬಡ್ಕೊಂಡೆ, ಚೆನ್ನಾಗಿರೋದನ್ನ ಹಾಳು ಮಾಡ್ತೀಯಲ್ಲೇ ಅಂದೆ. ಅವಳು ಅಳಲಿಲ್ಲ. ದಡ್ಡಿಯನ್ನು ನೋಡುವ ಹಾಗೆ ನನ್ನನ್ನೇ ನೋಡಿದಳು. ಇದು ಕಾಲಲ್ಲ ಟೀಚರಮ್ಮಾ, ಅಮ್ಮನ ಕೈ, ಈಗ ಏಳೇ ಇರೋದು ಅಂದಳು.

ನಾನು ಅಲ್ಲೇ ಕುಕ್ಕರಿಸಿದೆ. ಮಗುವಿನ ಮೇಲೆ ರೇಗಿದ ನನ್ನ ಬಾಯಿಗೆ ಏನು ಹಾಕಬೇಕು ಹೇಳಿ. ಆಮೇಲೆ ಅವಳ ಕೈಯಿಂದ ಅದನ್ನು ತೆಗೆದುಕೊಂಡು ತಿರುಗಿಸಿದೆ. ಬೆನ್ನಿಗೆ ನಿಮ್ಮ ಸೀಲು, ನಟ್ಟ ನಡುವೆ. ಸೋಮವಾರದ ತಾರೀಖು. ನಿಮ್ಮ ಪೆನ್ನಿನಲ್ಲಿ ಒಂಬತ್ತೂವರೆ.

ಸೋಮವಾರ ಒಂಬತ್ತೂವರೆಗೆ ಗೇಟು ದಾಟಿದ ರಟ್ಟಿನ ಮೇಲೆ ಭಾನುವಾರ ಜಜ್ಜಿಹೋದ ಬೆರಳು ಇಡಿಯಾಗಿ ಹೇಗೆ ಬಂತು? ಹೇಳಲಿ ನೋಡೋಣ!

ಕತ್ತರಿಸಿದ ಕಾಲು ಅವಳ ಲಂಗದ ಜೇಬಿನಲ್ಲಿತ್ತು. ಕೊಡು ಅಂದರೆ ಕೊಡಲೊಲ್ಲಳು. ಅಮ್ಮನದು ಎಲ್ಲೋ ಬಿದ್ಹೋಯ್ತು, ಇದು ಬೀಳಬಾರದು ಅಂದಳು. ಅರ್ಧ ಗಂಟೆ ಗೋಗರೆದ ಮೇಲೆ, ಒಂದು ದಿನಕ್ಕೆ ಮಾತ್ರ, ಗೋಂದು ಹಾಕಿ ಅಂಟಿಸಬಾರದು ಅಂತ ಕರಾರು ಮಾಡಿ ಕೊಟ್ಟಳು. ಎಷ್ಟೋ ಒಪ್ಪಂದಗಳಿಗೆ ಸಹಿ ಹಾಕಿದ್ದೇನೆ, ಇಷ್ಟು ಗಟ್ಟಿಯಾಗಿ ಮಾತಾಡಿದ ಎದುರಾಳಿ ಸಿಕ್ಕಿರಲಿಲ್ಲ. ಇವತ್ತು ಬೆಳಿಗ್ಗೆ ಅವಳ ಜೇಬಿಗೆ ವಾಪಸ್ ಹಾಕಿದ್ದೇನೆ.

ನಿನ್ನೆ ಕ್ಯಾಂಟೀನಿನಲ್ಲಿ, ನೀವು ಒಳಗೆ ಬರುವ ಮುಂಚೆ, ತನಿಖಾಧಿಕಾರಿ ಮೇಡಂ ಎದುರು ಎರಡೂ ತುಂಡು ಇಟ್ಟೆ. ಆ ಹೆಂಗಸು ಮಾತು ಕಡಿಮೆ. ಕಾಲಿನ ತುಂಡನ್ನು ಬುಡಕ್ಕೆ ಹೊಂದಿಸಿ ತಿರುಗಿಸಿ ನೋಡಿದರು. ಸೀಲಿನ ‘ತಿರ’ ಅಂಗೈಯ ಮೇಲೆ, ‘ಸ್ಕೃತ’ ಬೆರಳಿನ ಮೇಲೆ. ಮೂಲೆಗೆ ಹೊಡೆದಿದ್ದರೆ ಇದು ಆಗುತ್ತಿರಲಿಲ್ಲ. ಆಮೇಲೆ ಗುಂಡಿಯ ಅಮ್ಮನಿಗೆ, ಕೈ ಇಡಮ್ಮ ಅಂದರು. ಇಟ್ಟಳು. ಸೊಟ್ಟ ಕಿರುಬೆರಳು ಸೊಟ್ಟ ಕಾಲಿನ ಮೇಲೆ ತಕ್ಕಡಿಯಲ್ಲಿ ತೂಗಿದ ಹಾಗೆ ಕೂತಿತು. ಏಳು ಕಾಲು ತುಂಬಿದವು. ಬ್ಯಾಂಡೇಜಿನ ಪಕ್ಕ ಎಂಟನೆಯದು ಬರಿದೇ ಉಳಿಯಿತು.

ಮ್ಯಾನೇಜರು ಚೇತರಿಸಿಕೊಂಡು ಕೊನೆಯ ದಾಳ ಎಸೆದ. ಆ ಸೀಲು ಗೇಟಿನ ಮೇಜಿನ ಮೇಲೆ ಬಿದ್ದಿರ್ತದೆ ಮೇಡಂ, ಯಾರು ಬೇಕಾದರೂ ಯಾವ ತಾರೀಖು ಬೇಕಾದರೂ ಹೊಡ್ಕೋಬಹುದು, ಗೇಟಿನವನನ್ನೇ ಕೇಳಿ ಅಂದ. ನಿಮ್ಮನ್ನು ಕರೆಸಿದರು. ನಿಮ್ಮ ಟೋಪಿ ಬಾಗಿಲಲ್ಲಿ ಕಂಡಿತು. ಮುಗಿಯಿತು, ವ್ಯಾನಿಗೆ ಗೇಟು ತೆಗೆದವರು ಇದಕ್ಕೂ ತೆಗೆಯುತ್ತಾರೆ ಅಂದುಕೊಂಡೆ. ಇದನ್ನು ಮುಚ್ಚಿಡುವುದಿಲ್ಲ.

ನೀವು ಸೆಟೆದು ನಿಂತು, ಸೀಲು ಮೇಜಿನ ಮೇಲಿರಲ್ಲ ಸಾರ್, ನನ್ನ ಸೊಂಟದಲ್ಲಿರ್ತದೆ, ಕಕ್ಕಸಿಗೆ ಹೋದರೂ ನನ್ನ ಜೊತೆ ಬರ್ತದೆ ಅಂದಿರಿ. ಮೇಡಂಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬುಕ್ಕು ತೆರೆದಿರಿ. ಸೋಮವಾರ ಒಂಬತ್ತೂವರೆ, ಹದಿನಾರು ರಟ್ಟು. ಅದರ ಮೇಲಿನ ಸಾಲಿನಲ್ಲಿ ಎಂಟು ಗಂಟೆಗೆ ಗುಂಡಿಯ ಅಮ್ಮ ಬಲಗೈಯಲ್ಲೇ ಹಾಕಿದ ಸಹಿ. ನನ್ನ ಬುಕ್ಕು ತಪ್ಪಾಗಿದ್ರೆ ನನ್ನನ್ನು ಕೆಲಸದಿಂದ ತೆಗೀರಿ ಸಾರ್, ಸೀಲು ಮಾತ್ರ ತಪ್ಪಲ್ಲ. ಇಷ್ಟು ಹೇಳಿ ಬುಕ್ಕು ಮುಚ್ಚಿದಿರಿ. ಮದುವೆಯಾದ ಮೇಲೆ ನಿಮ್ಮ ಬಾಯಿಂದ ಒಟ್ಟಿಗೆ ಅಷ್ಟು ಮಾತು ನಾನು ಕೇಳಿರಲಿಲ್ಲ.

ಸಂಜೆ ಐದಕ್ಕೆ ಆದೇಶ ಬಂತು. ಅಪಘಾತ ಕಾರ್ಖಾನೆಯ ಒಳಗೇ ಆದದ್ದು. ಅವಳ ಕೆಲಸ ಅವಳದೇ, ಗಾಯ ಮಾಗಿದ ಮೇಲೆ ಪ್ಯಾಕಿಂಗಿನಲ್ಲಿ. ಜಾಲರಿ ಹಾಕುವವರೆಗೆ ಒಂದು ಪ್ರೆಸ್ಸೂ ಓಡಕೂಡದು. ಇವತ್ತು ಬೆಳಿಗ್ಗೆಯಿಂದ ಆ ಧಡ್ ಧಡ್ ಇಲ್ಲ. ಈ ಗೋದಾಮಿನಲ್ಲಿ ಮಕ್ಕಳು ಮೊದಲ ಸಲ ಬೆಚ್ಚಿಬೀಳದೆ ಮಲಗಿದ್ದಾರೆ. ಗುಂಡಿಯ ಅಮ್ಮ ಬಂದು ಬಾಗಿಲ ಬಳಿ ಕೂತು, ನಿನ್ನೆ ಮೂರು ದಿನದ ನಿದ್ದೆ ಒಟ್ಟಿಗೆ ಮಾಡಿದೆ ಕಣಕ್ಕಾ ಅಂದಳು. ನನಗೂ ಮೈಯಿಂದ ಒಂದು ಮೂಟೆ ಇಳಿಸಿದ ಹಾಗಿದೆ. ಇವತ್ತು ಯಾರ ಮೇಲೂ ರೇಗಿಲ್ಲ, ಬೇಕಾದರೆ ಮಕ್ಕಳನ್ನು ಕೇಳಿ.

ಅವತ್ತು ವ್ಯಾನಿಗೆ ಗೇಟು ತೆಗೆದದ್ದು ತಪ್ಪು. ಇವತ್ತೂ ತಪ್ಪೇ. ಆರ್ಡರ್ ಅಂದರೆ ದೇವರು ಅಂದುಕೊಂಡ ಮನುಷ್ಯನ ಜೊತೆ ಬಾಳುವುದು ಕಷ್ಟ. ಆದರೆ ಒಂದು ಮಾತು ತಿದ್ದಿಕೊಳ್ಳುತ್ತೇನೆ. ನಿಮಗೆ ಬೆನ್ನುಮೂಳೆ ಇಲ್ಲ ಅಂತ ನಾಲ್ಕು ಜನರೆದುರು ಅಂದಿದ್ದೆ. ಇದೆ. ಅದು ಬಗ್ಗುವುದಿಲ್ಲ ಅನ್ನುವುದೇ ನಿಮ್ಮ ಕಾಯಿಲೆ.

ಮಕ್ಕಳು ಏಳುತ್ತಿದ್ದಾರೆ. ನಿಲ್ಲಿಸುತ್ತೇನೆ.

ಇಂತಿ,
ಹದಿನಾಲ್ಕು ತಿಂಗಳಿಂದ ನಿಮ್ಮನ್ನು ಬೈದುಕೊಂಡೇ ಇರುವವಳು

ಮರೆತ ಮಾತು: ನಿನ್ನೆ ಸಂಜೆ ಎಲ್ಲರೂ ನನ್ನನ್ನು ಮುತ್ತಿಕೊಂಡು, ಗಂಡನಿಗೆ ಚೆನ್ನಾಗಿ ಪಾಠ ಹೇಳಿ ಕಳಿಸಿದ್ದೀರಿ ಅಂದರು. ನಾನು ಹೌದು ಅಂದೆ. ಬುಧವಾರ ಸಂಜೆ ಗೇಟಿಗೆ ಬಂದು ನಿಮಗೆ ಒಂದೊಂದೂ ಹೇಳಿಕೊಟ್ಟೆ ಅಂತ ಕಥೆ ಕಟ್ಟಿದೆ. ಬುಧವಾರ ಸಂಜೆ ನಾನು ಗೇಟಿನ ಮುಂದೆ ಹಾದುಹೋದದ್ದು ಮುಖ ಆ ಕಡೆ ತಿರುಗಿಸಿಕೊಂಡು, ಅದು ನಿಮಗೇ ಗೊತ್ತು. ಸೀಲು ಮೇಜಿನ ಮೇಲೆ ಬಿಡ್ತಿದ್ದೆ ಅಂತ ಹೇಳು, ಇಲ್ಲದಿದ್ರೆ ನಿನ್ನ ಗೇಟು ಬೇರೆಯವರಿಗೆ ಅಂತ ಮ್ಯಾನೇಜರು ನಿಮಗೆ ಹೇಳಿದ್ದನಂತೆ. ಇವತ್ತು ಬೆಳಿಗ್ಗೆ ಸಂಘದ ಕಾರ್ಯದರ್ಶಿಯಿಂದ ತಿಳಿಯಿತು. ಯಾರೂ ಹೇಳಿಕೊಡದೆ ನೀವು ನಿಂತಿರಿ, ಆ ಹೆಸರನ್ನು ನಾನು ಕದ್ದೆ. ಕದ್ದದ್ದನ್ನು ನಿಮ್ಮ ಎದುರಿಗೇ, ಎಲ್ಲರ ಮುಂದೆ ವಾಪಸ್ ಕೊಡಬೇಕು. ಸಂಘದ ಸಭೆ ಇದೇ ಶಿಶುವಿಹಾರದಲ್ಲಿ. ಅವತ್ತು ನಿಮಗೆ ರಜೆ, ವಿಚಾರಿಸಿದ್ದೇನೆ. ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.