ನಮ್ಮ ಅಯ್ಯಾಸಾಮಿಯ ಸಾವು ಪಕ್ಕದ ಮನೆಯ ಗೋಡೆಯ ಮೇಲಿದೆ

ದಾಖಲೆ ಕೊಠಡಿಯ ಮಾನ್ಯ ಅಧಿಕಾರಿಗಳೇ,

ನನ್ನ ಮುತ್ತಜ್ಜ ಅಯ್ಯಾಸಾಮಿಯವರ ಸಾವನ್ನು ನಿಮ್ಮ ಕಚೇರಿ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದೆ. ಅದು ನನಗೆ ವಾಪಸ್ ಬೇಕು. ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದಾಳೆ ಎಂದು ನೀವು ಅಂದುಕೊಂಡರೆ ತಪ್ಪಿಲ್ಲ, ಅದರಿಂದಲೇ ಬರೆಯುತ್ತಿದ್ದೇನೆ.

ನೆಗಮದ ನೇಕಾರರ ಬೀದಿಯಲ್ಲಿ ನಮಗೂ ದೀನದಯಾಳನ್ ಅವರಿಗೂ ನಡುವೆ ಒಂದೇ ಗೋಡೆ. ಎರಡು ವರ್ಷದ ಹಿಂದೆ ಇಬ್ಬರೂ ವಂಶಾವಳಿ ಬರೆಯಲು ಹೊರಟೆವು. ಅವರ ಮುತ್ತಜ್ಜ ಸೆಲ್ಲಪ್ಪನ್ 1940ರಲ್ಲಿ ತೀರಿಕೊಂಡ ದಾಖಲೆ ಮೊದಲ ಅರ್ಜಿಗೇ ಸಿಕ್ಕಿತು. ನನಗೆ ಸಿಕ್ಕಿದ್ದು 'ದಾಖಲೆ ಇಲ್ಲ' ಎಂಬ ಮೊಹರು. ಅವರು ಆ ನಕಲಿಗೆ ಕಟ್ಟು ಹಾಕಿಸಿ, ಹಾರ ಹಾಕಿ, ಗೋಡೆಗೆ ತೂಗುಹಾಕಿದರು. ದಿನ ಗೊತ್ತಾಯಿತಲ್ಲ, ಈಗ ವರ್ಷವರ್ಷವೂ ತಿಥಿ, ವಡೆ, ಪಾಯಸ. ನಾವೋ, ದಿನ ಗೊತ್ತಿಲ್ಲದವರೆಲ್ಲರ ಹಾಗೆ ಆಡಿ ತಿಂಗಳ ಅಮಾವಾಸ್ಯೆಗೆ ಪೇರೂರಿನ ಹೊಳೆದಂಡೆಯ ನೂಕುನುಗ್ಗಲಿನಲ್ಲಿ ಎಳ್ಳುನೀರು ಬಿಟ್ಟು ಬರುವವರು. ಸತ್ತ ದಿನಕ್ಕೂ ಅಸೂಯೆ ಪಡುವ ಕಾಲ ಬಂತು ನನಗೆ.

ಈ ಸಲ ತಿಥಿಯೂಟಕ್ಕೆ ಹೋದಾಗ ಆ ಕಾಗದವನ್ನು ಓದಿದೆ. 'ವರದಿ ಕೊಟ್ಟವರು: ಹೆಂಡತಿ ನಾಚಿಯಮ್ಮ.' ನಾಚಿಯಮ್ಮ ನನ್ನ ಮುತ್ತಜ್ಜಿ! ಕೇಳಿದರೆ ದೀನದಯಾಳನ್, "ಎರಡನೇ ಸಂಸಾರ ಇದ್ದಿರ್ಬೋದು ಅಕ್ಕ, ನಮ್ ತಾತ ಪೆರಿಯ ಆಳು, ದೊಡ್ಡ ಮನುಷ್ಯ" ಎಂದರು, ಹೆಮ್ಮೆಯಿಂದಲೇ. ಮುತ್ತಜ್ಜ ಹೋದದ್ದು ಸಾಲದೆಂದು ಮುತ್ತಜ್ಜಿಯನ್ನೂ ಬಿಟ್ಟುಕೊಡಬೇಕೇ?

ಅಯ್ಯಾಸಾಮಿಯವರ ಮಗಳು, ನನ್ನ ಅಜ್ಜಿ ರುಕ್ಮಣಿ, ಇನ್ನೂ ಇದ್ದಾರೆ. ಅವರನ್ನು ಕೇಳಿದೆ.

"ಅವ್ವ ಗಂಡನ ಹೆಸ್ರು ಬಾಯಲ್ಲಿ ಎತ್ತಂಗಿಲ್ಲ, ನನ್ ಕಣ್ಣು. ಊರ ಲೆಕ್ಕ ಬರಿಯೋ ಕಣಕ್ಕುಪಿಳ್ಳೆ ಬಂದು ಸತ್ತೋರ ಹೆಸ್ರೇನು ಅಂದ. ಅವನನ್ ಕೇಳ್ಲಿ ಅಂತ ಆಚೆ ಜಗಲೀಲಿದ್ದ ಸೆಲ್ಲಪ್ಪಣ್ಣನ ಕಡೆ ಬರೀ ಕೈ ತೋರ್ಸಿದ್ಳು. ಸತ್ತೋರ್ಗೂ ಅವಂದೇ ಹೆಸ್ರು ಅಂತ ನೆನ್ಸಿ ಬರ್ಕೊಂಡು ಹೋದ. ಅಪ್ಪ ಹೋದ್ಮೇಲೆ ನಡೆದ ನನ್ ಕಲ್ಯಾಣಕ್ಕೆ ಸೆಲ್ಲಪ್ಪಣ್ಣ ಬಂದು ಮೊದಲ ಪಂಕ್ತೀಲಿ ಕೂತು ಉಂಡ."

ಗಂಡನ ಹೆಸರು ಹೇಳದ ಹೆಂಗಸರು ಅದೇ ಹೆಸರಿನ ಬೇರೊಬ್ಬರನ್ನು ತೋರಿಸುವುದು ಆಗಿನ ರೂಢಿ. ಊರ ಲೆಕ್ಕಿಗನಿಗೆ ರೂಢಿ ಗೊತ್ತಿತ್ತು, ಬಾಯಿಬಿಟ್ಟು ಇನ್ನೊಂದು ಮಾತು ಕೇಳುವುದು ಗೊತ್ತಿರಲಿಲ್ಲ. ಆ ವಿದ್ಯೆ ನಿಮ್ಮ ಕಚೇರಿಗೆ ಇಂದಿಗೂ ಬಂದಿಲ್ಲ. ತಿದ್ದುಪಡಿಗೆ ಅರ್ಜಿ ಹಾಕಿದರೆ 'ಅರ್ಜಿದಾರರು ಮೃತರ ಸಂಬಂಧಿಯಲ್ಲ' ಎಂದು ಹಿಂದಿರುಗಿಸಿದಿರಿ. ಸಂಬಂಧಿ ದೀನದಯಾಳನ್ ಅವರಂತೆ, ಅವರ ಸಹಿ ಬೇಕಂತೆ. ಕಳ್ಳನ ಕೈಗೆ ಬೀಗದ ಕೈ ಎಂದರೆ ಇದೇ ಅಲ್ಲವೇ? ಪಾಪ, ಅವರು ಕಳ್ಳರಲ್ಲ. ಆದರೂ ಸಹಿ ಹಾಕಲಿಲ್ಲ.

"ಹಾಕ್ಬಿಟ್ರೆ ನಮ್ ತಾತಂಗೆ ಏನಕ್ಕ ಉಳೀತು?" ಎಂದರು.

ನಾನಾಗಿದ್ದರೂ ಹಾಗೇ ಅನ್ನುತ್ತಿದ್ದೆ. ದಿನ ಈಗ ಗೊತ್ತಾಗಿದೆ, ನೀವೂ ತಿಥಿಯ ಎಲೆ ಹಾಕಬಹುದಲ್ಲ ಎನ್ನುತ್ತೀರಿ. ಹಾಕಿದರೆ ಪಕ್ಕದ ಮನೆ ನೋಡಿ ಕಲಿತರು ಎನ್ನುತ್ತದೆ ಬೀದಿ. ತೊಂಬತ್ತು ದಾಟಿದ ಅಜ್ಜಿಗೆ ಮಾತ್ರ ಕಿಚ್ಚಿಲ್ಲ. ಆ ಮನೆಯಿಂದ ಬಂದ ಪಾಯಸವನ್ನು "ನಮ್ಮಪ್ಪಂಗೆ ಇಟ್ಟಿದ್ದು" ಎಂದು ಕಣ್ಣಿಗೊತ್ತಿಕೊಂಡು ಕುಡಿಯುತ್ತಾರೆ. ಅದನ್ನು ನೋಡುತ್ತ ಕೂರಲು ನನ್ನಿಂದಾಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅಜ್ಜಿಯ ಮದುವೆಯ ನಂತರದ ಮರಣ ದಾಖಲೆಗಳನ್ನು ತೆರೆಸಿ, ಸೆಲ್ಲಪ್ಪನ್ ಅವರು ನಿಜವಾಗಿ ತೀರಿಕೊಂಡ ದಿನವನ್ನು ಹುಡುಕಿ ದೀನದಯಾಳನ್ ಅವರಿಗೆ ಕೊಡಿ. ಆಮೇಲೆ ಅವರೇ ಸಹಿ ಹಾಕುತ್ತಾರೆ. ಅಜ್ಜಿ ಇರುವಾಗಲೇ ಇದಾಗಲಿ. ನಿಮ್ಮ ಪುಟಗಳಲ್ಲಿ ಅವರ ಮುತ್ತಜ್ಜನಿಗೆ ಎರಡು ಸಾವು ಇರಬಹುದು, ನಮ್ಮವರಿಗೆ ಒಂದೂ ಇಲ್ಲ.

ಇಂತಿ,
ಸರ್ಕಾರದ ಲೆಕ್ಕದಲ್ಲಿ ಇನ್ನೂ ಬದುಕಿರುವ ಅಯ್ಯಾಸಾಮಿಯವರ ಮರಿಮಗಳು,
ಗೋಕಿಲಾ